ದಿವಾಳಿಯ ಪಟ್ಟಿಗೆ ಸೇರಿದ ನಮ್ಮಮ್ಮ

ಅವರೆಕಾಳು ಹಿತುಕುತ್ತಾ ಕೂತಿದ್ದೆ. ಗುಡೇಮಾರನಹಳ್ಳಿಯ ತವರಿನಿಂದ ತಮ್ಮ ಒಂದು ಚೀಲ ಸೊಗಡಿನ ಅವರೆ ಕಳಿಸಿದ್ದ. ಬಿಡಿಸಿ, ನೆನೆಹಾಕಿ, ಒಂದೊಂದೇ ಕಾಳನ್ನು ಬೆರಳ ಸಂದಿಯಲ್ಲಿಟ್ಟು ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೆಲವು ಕಾಳು ಪಾತ್ರೆ ಬಿಟ್ಟು ದೇವರ ಗೂಡಿನವರೆಗೂ ಹಾರುತ್ತವೆ. ಅವು ನೈವೇದ್ಯವೆಂದುಕೊಂಡು ಸುಮ್ಮನಾಗುತ್ತೇನೆ. ಅಷ್ಟರಲ್ಲಿ ಫೋನ್ ಬಂತು. ನಮ್ಮ ವಕೀಲೆ ನಂದಿನಿ.

“ಜಯಮ್ಮಾ, ಅಪೀಲಿನ ತೀರ್ಪು ಬಂತು! ಕೇಳಿಸ್ತಾ ಇದೆಯಾ? ಅಮ್ಮನ ವಿಷಯಕ್ಕೆ…”

ಅಲ್ಲಿಗೆ ಮುಗಿಯಿತು. ಕಾಳಿನ ಲೋಳೆ ಹತ್ತಿದ್ದ ಕೈಯಿಂದ ಫೋನು ಜಾರಿ, ನೆನೆದ ಕಾಳಿನ ಪಾತ್ರೆಯೊಳಗೆ ಮುಳುಗಿತು. ಎತ್ತಿ ಸೆರಗಿನಲ್ಲಿ ಒರೆಸಿದೆ, ಒದರಿದೆ, ಊದಿದೆ. ಅದು ಬಾಯಿಬಿಡಲಿಲ್ಲ. ನಮ್ಮ ಯಜಮಾನರು ತಮ್ಮ ಫೋನ್ ಹಿಡಿದುಕೊಂಡು ಮಾಗಡಿಗೆ ಮದುವೆಗೆ ಹೋಗಿದ್ದರು. ಪಕ್ಕದ ಮನೆಯವರ ಫೋನ್ ಕೇಳಬಹುದಿತ್ತು, ಆದರೆ ನಂಬರುಗಳೆಲ್ಲ ಮುಳುಗಿದ ಫೋನಿನೊಳಗೇ ಇದ್ದವು. ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತು, ದೇವರಿಗೆ ಕೈಮುಗಿದು, ಮತ್ತೆ ಕಾಳಿನ ಮುಂದೆ ಕೂತೆ. ನಾನು ಎದೆ ಬಡಿದುಕೊಂಡರೆ ತೀರ್ಪು ಬದಲಾಗುವುದಿಲ್ಲ. ನೆನೆದ ಕಾಳು ಬಿಟ್ಟರೆ ಹಳಸುತ್ತದೆ.

ಈಗ ಚನ್ನಪಟ್ಟಣದ ಬೊಂಬೆ ಕಾರ್ಖಾನೆಗಳಿಗೆ ಹೊಸದಾಗಿ ಸೇರುವ ಹೆಣ್ಣುಮಕ್ಕಳು ಸಿಕ್ಕಾಗಲೆಲ್ಲ, “ಆಂಟಿ, ಕೆಲಸ ಹೆಂಗಿರತ್ತೆ?” ಎಂದು ಕೇಳುತ್ತಾರೆ. ಕೆಲಸ ಹೇಗಿರುತ್ತದೆ ಎನ್ನುವುದರ ಜೊತೆಗೆ ಕೆಲಸ ಹೋದಾಗ ಹೇಗಿರುತ್ತದೆ ಎನ್ನುವುದನ್ನೂ ಹೇಳಬೇಕು. ನಾನು ಎರಡನ್ನೂ ಕಂಡವಳು.

ನಮ್ಮದು ಮರದ ಬೊಂಬೆಗೆ ಬಣ್ಣ ಕೂರಿಸುವ ಕೆಲಸ. ಲೇತಿನಲ್ಲಿ ಮರ ಗಿರಗಿರನೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಬೇಕು. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪುತ್ತದೆ. ಆಮೇಲೆ ಒಣ ತಾಳೆಗರಿಯಲ್ಲಿ ತೀಡಿದರೆ ಹೊಳಪು ಬರುತ್ತದೆ. ಹೇಳುವುದಕ್ಕೆ ಇಷ್ಟೆ. ಮಾಡಲು ಹೋದರೆ, ಹಗುರ ಒತ್ತಿದಾಗ ಅರಗು ಹತ್ತುವುದಿಲ್ಲ, ಜೋರು ಒತ್ತಿದಾಗ ಮರವೇ ಕಿತ್ತು ಹಾರುತ್ತದೆ. ಸೇರಿದ ಹೊಸತರಲ್ಲಿ ನಾನು ಒತ್ತಿದ ರಭಸಕ್ಕೆ ಒಂದು ಬುಗುರಿ ಹಾರಿ, ನೆಟ್ಟಗೆ ಸೂಪರ್‌ವೈಸರ್ ಬೋರೇಗೌಡರ ಊಟದ ಡಬ್ಬಿಗೆ ಬಿತ್ತು. ಅವರು ಸಾರಿನಿಂದ ಬುಗುರಿ ಎತ್ತಿ ಹಿಡಿದು, “ಜಯಮ್ಮಾ, ಮರಕ್ಕೆ ಬಣ್ಣ ಹಚ್ಚು ಅಂದೆ, ನನ್ ಸಾರಿಗೆ ಒಗ್ಗರಣೆ ಹಾಕು ಅಂದ್ನಾ?” ಎಂದರು. ಬಿಸಿ ಸಾರು ಅವರ ಮುಖಕ್ಕೆ ಹಾರಲಿಲ್ಲ ಎನ್ನುವುದನ್ನು ನಾನು ಇವತ್ತಿಗೂ ದೇವರ ದಯೆಯ ಲೆಕ್ಕಕ್ಕೆ ಸೇರಿಸುತ್ತೇನೆ.

ಬೋರೇಗೌಡರಂಥ ಮೇಲಿನವರು ಸಿಕ್ಕರೆ ನಿಮ್ಮ ಪುಣ್ಯ. ಮೊದಲು ಅರಗಿಗೆ ರಾಸಾಯನಿಕ ಪುಡಿಬಣ್ಣ ಕಲಸುತ್ತಿದ್ದೆವು. ಆಮೇಲೆ ಹೊರದೇಶದವರು, ಮಕ್ಕಳು ಬೊಂಬೆ ಬಾಯಿಗಿಡುತ್ತವೆ, ಗಿಡಮೂಲಿಕೆಯ ಬಣ್ಣವೇ ಬೇಕು ಎಂದರು. ಅರಿಶಿನ ಬಂತು, ನೀಲಿ ಬಂತು. ಹೊಸ ಬಣ್ಣದ ಮೊದಲ ಬೊಂಬೆ ತಯಾರಾದಾಗ ಬೋರೇಗೌಡರು ಅದನ್ನು ಎಲ್ಲರ ಎದುರೇ ನೆಕ್ಕಿದರು. “ಮಗೀನ್ ಬಾಯ್ಗೆ ಹೋಗಾಕೆ ಮುಂಚೆ ನನ್ ಬಾಯ್ಗೆ ಹೋಗ್ಲಿ” ಎಂದರು. ನೀಲಿ ನಾಲಿಗೆ ಹೊತ್ತು ಅವರು ಮನೆಗೆ ಹೋದ ದಿನ ಅವರ ಹೆಂಡತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದರಂತೆ.

ಎಡವಟ್ಟುಗಳಲ್ಲಿ ಮಾತ್ರ ಕೆಂಪಮ್ಮನದೇ ದೊಡ್ಡದು. ಕೆಂಪಮ್ಮ ಹೊಂಗನೂರಿನವಳು, ನಮ್ಮೆಲ್ಲರಿಗಿಂತ ಕೊನೆಗೆ ಸೇರಿದವಳು. ಶುಕ್ರವಾರ ಹೊಸ ಆರ್ಡರ್ ಶುರುವಾದರೆ ಮೊದಲ ಬೊಂಬೆಗೆ ಕುಂಕುಮ ಇಟ್ಟು ಕೈಮುಗಿಯುವುದು ನಮ್ಮ ರೂಢಿ. ಅವಳು ಸೇರಿದ ವಾರ ಆನೆಗಳ ಆರ್ಡರ್ ಬಂದಿತ್ತು. ಕುಂಕುಮ ಇಟ್ಟ ಮೊದಲ ಆನೆಯನ್ನು ಅವಳ ಮುಂದಿಟ್ಟು, “ಇದರಂಗೇ ಮಾಡು” ಎಂದು ಹೇಳಿ ನಾವು ಊಟಕ್ಕೆ ಹೋದೆವು. ಪುಣ್ಯಾತ್ಮೆ ಅದರಂತೆಯೇ ಮಾಡಿದಳು. ರಾಶಿ ಆನೆಗಳ ಹಣೆಗೆಲ್ಲ ಅರಗಿನಲ್ಲೇ ಕೆಂಪು ಬೊಟ್ಟು ಕೂರಿಸಿಬಿಟ್ಟಳು. ಪೆಟ್ಟಿಗೆ ಹಡಗು ಹತ್ತಿದ ಮೇಲೆ ಹೊರದೇಶದಿಂದ ಪ್ರಶ್ನೆ ಬಂತು: ಆನೆಗಳೆಲ್ಲ ಹಣೆಗೆ ಯಾಕೆ ಗಾಯ ಮಾಡಿಕೊಂಡಿವೆ? ನಮ್ಮ ಜೊತೆಯ ನೂರ್‌ಜಾನ್ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. “ಕೆಂಪಿ, ನಿನ್ ಕೈಗೆ ಸಿಕ್ರೆ ಒಂಟೇಗೂ ಬೊಟ್ಟು ಇಟ್ಬುಡ್ತೀಯ ಕಣೆ!”

ಇನ್ನು ಅಮ್ಮನ ವಿಷಯ.

ಕಾರ್ಖಾನೆಯಲ್ಲಿ ಆಯುಧಪೂಜೆಗೆ ಕಳಶ ಇಡುತ್ತಿದ್ದೆವು. ಒಂದು ವರ್ಷ ಹೆಂಗಸರೆಲ್ಲ ಸೇರಿ, ಬೋನಸ್ಸಿನಲ್ಲಿ ಒಂದಿಷ್ಟು ತೆಗೆದಿಟ್ಟು, ಕಳಶಕ್ಕೆ ಕಟ್ಟಲು ಚಾಮುಂಡಿ ತಾಯಿಯ ಬೆಳ್ಳಿಯ ಮುಖವಾಡ ಮಾಡಿಸಿದೆವು. ನೂರ್‌ಜಾನ್ ತಾನಾಗಿಯೇ ಬಂದು ತನ್ನ ಪಾಲು ಕೊಟ್ಟಳು. “ಮೂಗು ನನ್ ದುಡ್ಡಿಂದು, ಯಾರೂ ಮುಟ್ಕೂಡ್ದು” ಎನ್ನುತ್ತಿದ್ದಳು. ಅಕ್ಕಸಾಲಿಗ, “ಹಿಂದೆ ಯಾರ ಹೆಸರು ಕೆತ್ಲಿ?” ಎಂದು ಕೇಳಿದ. ದೇವರಿಗೆ ಕೊಟ್ಟು ನಮ್ಮ ಹೆಸರು ಹಾಕಿಸಿಕೊಳ್ಳುವುದೇ? ನಾಚಿಕೆಯಾಯಿತು. ನಮಗೆ ಅನ್ನ ಕೊಡುವ ಜಾಗ ತಣ್ಣಗಿರಲಿ ಎಂದು ಕಂಪನಿಯ ಹೆಸರು ಕೆತ್ತಿಸಿದೆವು. ಅಲ್ಲಿಯೇ ನಾವು ಎಡವಿದ್ದು. ಅದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಅಮ್ಮ ಕಾರ್ಖಾನೆಯಲ್ಲಿ ಇರುತ್ತಿರಲಿಲ್ಲ. ಧೂಳು, ಅರಗಿನ ಹೊಗೆ, ಬಾಗಿಲು ಹಾಕಿದರೆ ದೀಪ ಹಚ್ಚುವವರಿಲ್ಲ. ಹಾಗಾಗಿ ವರ್ಷವಿಡೀ ನಮ್ಮಲ್ಲಿ ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಇರುತ್ತಿದ್ದಳು. ನೂರ್‌ಜಾನಳ ಸರದಿ ಬಂದಾಗ ಕೆಲವರು ಮುಖಮುಖ ನೋಡಿಕೊಂಡರು. ಅವಳು, “ಪೂಜೆ ನಂಗ್ ಬರಾಕಿಲ್ಲ, ಜೋಪಾನ ಮಾಡಾಕ್ ಬತ್ತದೆ” ಎಂದು ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು. ಆ ವರ್ಷ ಪ್ರತಿ ಶುಕ್ರವಾರ ನಾನು ಅಲ್ಲಿಗೆ ಹೋಗಿ, ಹೂವಿಟ್ಟು, ಚಹಾ ಕುಡಿದು ಬರುತ್ತಿದ್ದೆ.

ಆಯುಧಪೂಜೆ ಹತ್ತಿರ ಬಂದರೆ ನಮ್ಮ ಓನರ್ ರಂಗಸ್ವಾಮಿ, ಅಮ್ಮ ಯಾರ ಮನೆಯಲ್ಲಿದ್ದಾಳೋ ಆ ಮನೆಗೆ ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಬಂದು, ವೀಳ್ಯ ಕೊಟ್ಟು, “ನಮ್ ಕಾರ್ಖಾನೆಗೆ ಬಾ ತಾಯಿ” ಎಂದು ಕರೆಯುತ್ತಿದ್ದರು. ಪೂಜೆ ಮುಗಿದ ಮೇಲೆ, ತವರಿಗೆ ಬಂದ ಹೆಣ್ಣುಮಗಳಿಗೆ ಕೊಡುವಂತೆ ಮಡಿಲಕ್ಕಿ ಕೊಟ್ಟು ಮುಂದಿನ ಸರದಿಯ ಮನೆಗೆ ಕಳಿಸುತ್ತಿದ್ದರು. ಇದೇನೂ ದೊಡ್ಡ ಶಾಸ್ತ್ರವಲ್ಲ. ನಡೆದುಕೊಂಡು ಬಂದದ್ದು, ಅಷ್ಟೇ.

ಎಲ್ಲರ ಮನೆ ಮುಗಿದು ಉಳಿದದ್ದು ಕೆಂಪಮ್ಮನ ಮನೆ ಮಾತ್ರ. ಅವಳು ಹೊಂಗನೂರಿನ ಮನೆಗೆ ಸುಣ್ಣ ಬಳಿಸಿ, ಗೋಡೆ ಕೊರೆಸಿ ಹೊಸ ಗೂಡು ಮಾಡಿಸಿ, ಅದಕ್ಕೊಂದು ಪುಟ್ಟ ಬಾಗಿಲನ್ನೂ ಇಡಿಸಿದ್ದಳು. ಆ ವರ್ಷದ ಪೂಜೆಗೆ ಅಮ್ಮ ಕಾರ್ಖಾನೆಗೆ ಬಂದಳು. ಕೆಂಪಮ್ಮ ಕರೆದುಕೊಂಡು ಹೋಗಬೇಕೆನ್ನುವಷ್ಟರಲ್ಲಿ ಗೇಟಿಗೆ ಬೀಗ ಬಿತ್ತು.

ಹೊಸ ಮಿಷನ್ನಿಗೆಂದು ಬ್ಯಾಂಕಿನಿಂದ ತಂದ ಸಾಲ, ಮಧ್ಯದಲ್ಲಿ ಕೈಕೊಟ್ಟ ಹೊರದೇಶದ ಆರ್ಡರು. ಕಂಪನಿ ದಿವಾಳಿಯ ಪ್ರಕ್ರಿಯೆಗೆ ಹೋಯಿತು. ಓನರ್ ಕೈಯಲ್ಲಿದ್ದದ್ದನ್ನೆಲ್ಲ ನ್ಯಾಯಮಂಡಳಿ ಒಬ್ಬ ಅಧಿಕಾರಿಗೆ ವಹಿಸಿತು. ಅವರನ್ನು ಎಲ್ಲರೂ ಆರ್‌ಪಿ ಎನ್ನುತ್ತಿದ್ದರು. ಅವರ ಕೆಲಸ ಗೇಟಿನೊಳಗೆ ಏನೇನಿದೆ ಎಂದು ಪಟ್ಟಿ ಮಾಡುವುದು, ಸಾಲ ಕೊಟ್ಟವರ ಸಮಿತಿಯ ಮುಂದೆ ಇಡುವುದು, ಕೊಳ್ಳುವವರನ್ನು ಹುಡುಕುವುದು. ನಮ್ಮ ಉಳಿದ ಸಂಬಳಕ್ಕೂ ಅವರ ಹತ್ತಿರವೇ ಅರ್ಜಿ ಹಾಕಬೇಕು. ಹೆಣ್ಣುಮಕ್ಕಳೇ, ಇದನ್ನು ಮಾತ್ರ ನೆನಪಿಡಿ. ಪೇಪರಿನಲ್ಲಿ ಕಂಪನಿಯ ಹೆಸರು ಹಾಕಿ ಬಾಕಿ ಇರುವವರು ಬನ್ನಿ ಎಂದು ಪ್ರಕಟಣೆ ಕೊಡುತ್ತಾರೆ. ಅವರು ಹೇಳಿದ ದಿನದೊಳಗೆ ಅರ್ಜಿ ಹಾಕಿ. ಪಕ್ಕದವಳು ಹಾಕಿದಳು, ನನಗೂ ಬರುತ್ತದೆ ಎಂದು ಕೂರಬೇಡಿ. ನಾವು ಹಾಕಿದೆವು, ಒಂದಿಷ್ಟು ಬಂತು. ಬಂದಷ್ಟು ದೇವರ ದಯೆ.

ಆರ್‌ಪಿ ಕೆಟ್ಟವರಲ್ಲ. ಕಳಶದ ಮುಂದೆ ಬಂದಾಗ ಬೂಟು ಬಿಚ್ಚಿ, ಕೈಮುಗಿದು, ಆಮೇಲೆ ಮುಖವಾಡವನ್ನು ಪಟ್ಟಿಗೆ ಸೇರಿಸಿದರು. ಲೇತು, ಮರದ ದಿಮ್ಮಿ, ಫ್ಯಾನು, ಅಮ್ಮ. “ಹಿಂದೆ ಕಂಪನಿ ಹೆಸರಿದೆ ತಾಯಿ, ನಾನೇನು ಮಾಡ್ಲಿ?” ಎಂದರು. ಬೆಳ್ಳಿಯ ವಸ್ತುಗಳನ್ನೆಲ್ಲ ಒಟ್ಟಿಗೆ ಮಾರುವುದಂತೆ, ಕೊಂಡವರು ಕರಗಿಸಿಕೊಳ್ಳಬಹುದಂತೆ.

“ಕರಗ್ಸೋದಾ?” ಎಂದು ಕೆಂಪಮ್ಮ ಗೇಟಿನ ಮುಂದೆಯೇ ಕೂತುಬಿಟ್ಟಳು. “ಅಮ್ಮನ್ ಮೂಗ್ನ ಕರಗ್ಸಿ ಚಮಚ ಮಾಡ್ಕಂಡಾರಾ?”

“ಮೂಗು ನಂದು” ಎಂದಳು ನೂರ್‌ಜಾನ್. “ಯಾರ್ ಕರಗಿಸ್ತಾರೋ ನಾನೂ ನೋಡ್ತೀನಿ.”

ರಾಮನಗರದ ನಂದಿನಿ ನಮ್ಮ ಕೇಸು ಹಿಡಿದರು. ಚಿಕ್ಕ ವಯಸ್ಸಿನ ಹುಡುಗಿ, ಫೀಸು ಕೇಳಿದರೆ, “ಮೊದ್ಲು ಬೊಂಬೆ ಕೊಡಿ, ಮಗಳು ಅಳ್ತಾಳೆ” ಎಂದರು. ಮೊದಲು ಕೇಳಿದ ನ್ಯಾಯಮಂಡಳಿ, ಕಂಪನಿಯ ಜಾಗದಲ್ಲಿ, ಕಂಪನಿಯ ಹೆಸರಿನೊಂದಿಗೆ ಇರುವ ವಸ್ತು ಕಂಪನಿಯದೇ ಎಂದಿತು. ಮೇಲ್ಮನವಿಗೆ ಹೋಗಲೇಬೇಕಾಯಿತು. ಆ ಸಂಜೆ ನಮ್ಮ ಹಜಾರದಲ್ಲಿ ಎಲ್ಲರೂ ಕೂತು ಅದನ್ನೇ ಮಾತಾಡುತ್ತಿದ್ದೆವು. ಕೆಂಪಮ್ಮ ಅಳುತ್ತಾ, “ನನ್ ಮನೆ ಬಾಗ್ಲಿಗೆ ವೀಳ್ಯ ಹಿಡ್ಕಂಡ್ ಓನರ್ ಬತ್ತಾರೆ ಅಂತ ಹೊಸ ಚಾಪೆ ತಂದಿದ್ನಲ್ಲಕ್ಕಾ” ಎಂದಳು.

ನಂದಿನಿ ಬರೆಯುವುದನ್ನು ನಿಲ್ಲಿಸಿದರು. “ಓನರ್ ಯಾಕೆ ವೀಳ್ಯ ತರ್ತಾರೆ?”

ಹೇಳಿದೆವು.

“ತಮ್ಮ ಮನೆಯವರನ್ನ ಯಾರಾದ್ರೂ ವೀಳ್ಯ ಕೊಟ್ಟು ಕರೀತಾರಾ?” ಎಂದರು ಅವರು. ಆಗ ನಮಗೂ ಹೊಳೆಯಿತು. ಕರೆಯುವುದು ಬೇರೆಯವರ ಮನೆಯ ಅಮ್ಮನನ್ನು. ಕಳಿಸುವುದು ಬಂದವಳನ್ನು. “ಇದನ್ನ ರಂಗಸ್ವಾಮಿ ಅವರ ಬಾಯಿಂದಲೇ ಪ್ರಮಾಣಪತ್ರ ಮಾಡಿಸಿ ತನ್ನಿ. ಅದೊಂದು ಇದ್ರೆ ನಾನು ನಿಲ್ಲಬಲ್ಲೆ.”

ರಂಗಸ್ವಾಮಿ ಕನಕಪುರದ ಹತ್ತಿರ ಅಕ್ಕನ ತೋಟದ ಮನೆಯಲ್ಲಿ ಮುಖ ಮರೆಸಿಕೊಂಡಿದ್ದರು. ನಾನು, ಕೆಂಪಮ್ಮ, ನೂರ್‌ಜಾನ್ ಬಸ್ಸು ಹತ್ತಿದೆವು. ನಮ್ಮನ್ನು ಕಂಡೊಡನೆ ಅವರು ಹಿತ್ತಲ ಬಾಗಿಲ ಕಡೆ ತಿರುಗಿದರು. ಕೆಂಪಮ್ಮ ಮೊದಲೇ ಆ ಬಾಗಿಲಲ್ಲಿ ನಿಂತಿದ್ದಳು.

“ಯಾಕ್ ಬಂದ್ರಕ್ಕಾ? ಸಂಬಳ ಕೇಳಾಕಾ?” ಎಂದರು, ತಲೆ ತಗ್ಗಿಸಿ.

“ಅದುಕ್ಕೆ ಅರ್ಜಿ ಹಾಕಾಯ್ತು. ಅಮ್ಮನ್ ಕೇಳಾಕ್ ಬಂದ್ವಿ” ಎಂದೆ.

ವಿಷಯ ಹೇಳಿದೆ. ಅವರು ಹಣೆ ಉಜ್ಜಿಕೊಂಡರು. “ಜಯಕ್ಕಾ, ನಾನು ಸಾಲಕ್ಕೆ ಜಾಮೀನು ಬೇರೆ ಹಾಕಿವ್ನಿ. ಬ್ಯಾಂಕ್ನೋರು ಮೊದ್ಲೇ ನನ್ ಮ್ಯಾಲೆ ಕೆಂಡ ಕಾರ್ತಾವ್ರೆ. ಈಗ ಬೆಳ್ಳೀದೂ ಕಂಪ್ನೀದಲ್ಲ ಅಂತ ಬರ್‍ಕೊಟ್ರೆ, ಆಸ್ತಿ ಬಚ್ಚಿಡ್ತಾವ್ನೆ ಅಂದಾರು. ನಂಗ್ಯಾಕ್ ಬೇಕು ಏಳಿ?”

ಅವರ ಭಯ ಸುಳ್ಳಲ್ಲ. ಕೆಂಪಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ಆಯ್ತು ಕಣಣ್ಣ, ಬ್ಯಾಡ ಬುಡು. ನೀನು ಎಲ್ರ ಮನೇಗೂ ವೀಳ್ಯ ಹಿಡ್ಕಂಡ್ ಬಂದೆ. ನನ್ ಮನೇಗೆ ಮಾತ್ರ ಬರಾಕಿಲ್ಲ, ಆ ಯೋಗ ನಿಂಗೂ ಇಲ್ಲ ನಂಗೂ ಇಲ್ಲ ಅಂತ ಒಂದ್ ಸಾಲ್ ಬರ್‍ಕೊಡು. ಅದುನ್ನೇ ಗೂಡ್ನಾಗೆ ಇಟ್ಟು ದೀಪ ಹಚ್ತೀನಿ.”

ರಂಗಸ್ವಾಮಿಗೆ ನಗು ಬಂತು, ಆಮೇಲೆ ಕಣ್ಣು ತುಂಬಿತು. ಒಳಗಿನಿಂದ ಅವರ ಅಕ್ಕ ಕೂಗಿದರು: “ಲೇ ರಂಗಾ, ಕಾರ್ಖಾನೆ ಕಳ್ದೋಯ್ತು ಅಂತ ಬಾಯೂ ಕಳ್ಕಂಡ್ಯೇನ್ಲಾ? ಕರ್‍ದಿದ್ದು ನಿಜ ತಾನೆ? ಹಂಗೇ ಹೇಳು.” ಮಾರನೆಯ ದಿನ ಅವರೇ ಚನ್ನಪಟ್ಟಣಕ್ಕೆ ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ದಿವಾಳಿಯಾದ ಮೇಲೆ ಅವರು ತಲೆಯೆತ್ತಿ ನಮ್ಮ ಬೀದಿಯಲ್ಲಿ ನಡೆದದ್ದು ಅವತ್ತೇ ಮೊದಲು.

ಮೇಲ್ಮನವಿಯ ವಿಚಾರಣೆಯನ್ನು ಮೊಬೈಲಿನಲ್ಲೇ ನೋಡಿದೆವು. ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿಟ್ಟು, ನಾನು ಊದುಬತ್ತಿ ಹಚ್ಚಿದೆ. ಹೊಗೆಯಲ್ಲಿ ಪೀಠದ ಸದಸ್ಯರು ಯಾರೂ ಕಾಣಲಿಲ್ಲ. “ಕೋರ್ಟಿಗೆ ಪೂಜೆ ಮಾಡ್ತೀಯಾ, ಕೇಸ್ ನೋಡ್ತೀಯಾ?” ಎಂದು ನೂರ್‌ಜಾನ್ ಬೀಸಣಿಗೆ ಹಿಡಿದಳು. ಮಾತೆಲ್ಲ ಇಂಗ್ಲಿಷು. ಬ್ಯಾಂಕಿನ ವಕೀಲರು ಕೆತ್ತಿದ ಹೆಸರಿನ ಫೋಟೋ ತೋರಿಸಿದರು. ನಂದಿನಿ ಎದ್ದು ಹೇಳಿದ್ದನ್ನು ಆಮೇಲೆ ನಮಗೆ ಕನ್ನಡದಲ್ಲಿ ತಿಳಿಸಿದರು: “ನಮ್ಮ ಮನೆಗಳಲ್ಲಿ ಸ್ಟೀಲ್ ಕೊಳಗದ ಮೇಲೆ ಸೋದರಮಾವನ ಹೆಸರು ಕೆತ್ತಿರತ್ತೆ. ನಾಳೆ ಮಾವನಿಗೆ ಸಾಲ ಕೊಟ್ಟವರು ಬಂದು, ನಮ್ಮ ಅಡುಗೆಮನೆಯ ಕೊಳಗ ಎತ್ಕೊಂಡು ಹೋಗಬಹುದಾ?” ಸದಸ್ಯರೊಬ್ಬರು ನಕ್ಕದ್ದು ಹೊಗೆಯಲ್ಲೂ ಕಂಡಿತು. ನಾನು ತಕ್ಷಣ ಕೈಮುಗಿದೆ. ಇನ್ನೊಬ್ಬರು ಮಾತ್ರ ನಗಲಿಲ್ಲ. ತೀರ್ಪು ಕಾದಿರಿಸಿದರು.

ಆಮೇಲೆ ಕಾದೆವು. ಕೆಂಪಮ್ಮ ಖಾಲಿ ಗೂಡಿಗೆ ದಿನಾ ದೀಪ ಹಚ್ಚಿದಳು. “ಒಳಗ್ ಯಾರೂ ಇಲ್ವಲ್ಲೇ?” ಎಂದು ಊರವರು ಕೇಳಿದರೆ, “ಬತ್ತಾವ್ಳೆ, ದಾರೀಲವ್ಳೆ” ಎನ್ನುತ್ತಿದ್ದಳಂತೆ. ಆ ತೀರ್ಪೇ ಈಗ ಬಂದಿತ್ತು. ಅದು ನನ್ನ ಅಕ್ಕಿ ಡಬ್ಬಿಯೊಳಗೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ಕಾಳೆಲ್ಲ ಹಿತುಕಿ, ಬೇಳೆ ತೊಳೆದು, ಸಾರಿಗಿಟ್ಟು, ಮುದ್ದೆಗೆ ಎಸರಿಡುವಷ್ಟರಲ್ಲಿ ನೂರ್‌ಜಾನ್ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಓಡಿ ಬಂದಳು.

“ಏನಕ್ಕಾ ನಿನ್ ಫೋನು! ಆ ನಂದಿನಿ ನಿನ್ಗೆ ಮಾಡೀ ಮಾಡೀ ಸುಸ್ತಾಗಿ ನಂಗ್ ಮಾಡುದ್ಲು. ಗೆದ್ವಿ ಕಣಕ್ಕಾ! ಬ್ಯಾರೆಯೋರ್ ವಸ್ತು ಕಂಪ್ನಿ ಒಳಗಿತ್ತು ಅಂದ್ ಮಾತ್ರುಕ್ಕೆ ಅದು ಕಂಪ್ನೀದಾಗಾಕಿಲ್ವಂತೆ. ಹೆಸರು ಕೆತ್ತಿದ್ರೂ ಆಗಾಕಿಲ್ವಂತೆ. ಕರೆಯೋನೇ ಕರ್‍ದೆ ಅಂತಾವ್ನಲ್ಲ, ಅದು ಹೆಂಗಸ್ರುದೇ ಅಂದ್ರಂತೆ. ಪಟ್ಟಿಯಿಂದ ತೆಗ್ದು ತಕ್ಷಣ ಕೊಟ್ಬುಡಿ ಅಂತ ಆರ್ಡರ್ರು!”

ನಾನು ದೇವರ ಗೂಡಿನ ಮುಂದೆ ಕೂತೆ. ನೂರ್‌ಜಾನ್ ತನ್ನ ಫೋನಿನಿಂದ ಕೆಂಪಮ್ಮನಿಗೆ ಮಾಡಿ ಸ್ಪೀಕರ್ ಹಾಕಿದಳು. ಹಿಂದೆ ಮಗುವಿನ ಅಳು ಕೇಳುತ್ತಿತ್ತು. ವಿಷಯ ಹೇಳಿದೆವು. ಕೆಂಪಮ್ಮ ಗೋಳೋ ಎಂದು ಅತ್ತಳು.

“ಯಾಕೆ ಅಳ್ತೀಯೆ? ಗೆದ್ವಲ್ಲ!”

“ಅಯ್ಯೋ ಜಯಕ್ಕಾ, ನಿನ್ನೆ ಸೊಸೆಗೆ ಹೆರಿಗೆ ಆಯ್ತಲ್ಲ! ಹೆಣ್ಮಗು. ಮನೇಲಿ ಪುರುಡು. ಅಮ್ಮನ್ ಹೆಂಗ್ ಒಳೀಕ್ ಕರ್‍ಕಳ್ಳಿ? ಪುರುಡು ಕಳೆಯೋಗಂಟ ಒಸಿ ತಡೀರಿ ಅಂತ ಆ ಕೋರ್ಟಿಗೇಳಿ!”

ಆರ್‌ಪಿಗೆ ಫೋನ್ ಮಾಡಿ ಹೇಳಿದೆವು. ಅವರು, “ಇಷ್ಟು ದಿನ ಕೊಡಿ ಕೊಡಿ ಅಂತ ನನ್ನ ಮೇಲೆ ಕೇಸು. ಈಗ ಕೊಡ್ತೀನಿ ಅಂದ್ರೆ ತಡೀರಿ ಅಂತೀರಾ? ತಕ್ಷಣ ಅಂತ ಆರ್ಡರ್ ಇದೆ ತಾಯಿ, ನಾಳೆ ಬಂದು ಸಹಿ ಹಾಕಿ ತಗೊಂಡು ಹೋಗಿ” ಎಂದರು.

ನಮ್ಮ ಮನೆಗೆ ತರೋಣವೆಂದರೆ ಮಾಗಡಿಯ ಮದುವೆಮನೆಯ ನೆಂಟರೆಲ್ಲ ಮಾರನೆಯ ದಿನ ನಮ್ಮಲ್ಲೇ ಬಂದು ಇಳಿಯುವವರಿದ್ದರು. ಕಾಲಿಡಲು ಜಾಗವಿರುವುದಿಲ್ಲ. ನಾನು ಯೋಚಿಸುತ್ತಿರುವಾಗಲೇ ನೂರ್‌ಜಾನ್ ಕೆಂಪಮ್ಮನಿಗೆ ಮತ್ತೆ ಫೋನ್ ಮಾಡಿ, “ಕೆಂಪೀ, ಅಳ್ಬ್ಯಾಡ. ಅಲ್ಲೀಗಂಟ ನನ್ ಮನೇಲಿರ್ಲಿ. ಬೀರು ಮ್ಯಾಲೆ ಜಾಗ ಐತೆ” ಎಂದಳು.

“ನಿಂದು ಒಂದ್ ಸರದಿ ಆಗೋಯ್ತಲ್ಲೇ? ಎರಡ್ ಸರದಿ ಹೊಡೀತೀಯಾ?” ಎಂದಳು ಕೆಂಪಮ್ಮ, ಮೂಗು ಸೀಟುತ್ತಾ.

“ಸರದಿ ನಿಂದೇ ಕಣೆ, ಜಾಗ ನಂದು. ನಿನ್ ಮನೆ ಪುರುಡು ಕಳುದ್ ಮ್ಯಾಲೆ ರಂಗಣ್ಣನ್ನೇ ಕರ್‍ಕಂಡು ಬತ್ತೀನಿ. ನೀನ್ ಆ ಹೊಸ ಚಾಪೆ ಹಾಸಿಟ್ಕ.”

ಈ ಸಲ ಕೆಂಪಮ್ಮ ಅಳುತ್ತಲೇ ನಕ್ಕಳು. ಹಿಂದೆ ಮಗು ಇನ್ನೂ ಜೋರಾಗಿ ಅತ್ತಿತು. “ಹೆಸ್ರು ಚಾಮುಂಡಿ ಅಂತ್ಲೇ ಇಡ್ತೀನಿ ಕಣಕ್ಕಾ” ಎಂದು ಫೋನಿಟ್ಟಳು.

ಒಲೆಯ ಮೇಲೆ ಎಸರು ಮರಳಿ ಮುಚ್ಚಳ ಕುಣಿಯುತ್ತಿತ್ತು. “ಊಟ ಮಾಡ್ಕಂಡೇ ಹೋಗೆ” ಎಂದು ನೂರ್‌ಜಾನಳನ್ನು ಕೂರಿಸಿ, ಇನ್ನೂ ಒಂದು ಹಿಡಿ ರಾಗಿಹಿಟ್ಟು ಸುರಿದು, ಕೋಲು ಹಿಡಿದು ಮುದ್ದೆ ತಿರುವಲು ಕೂತೆ.